ನಂಜುಂಡನ ಊರು

ಮೈಸೂರಿನಿಂದ ಊಟಿಯ ಕಡೆಗೆ ಹೊರಟವರು ಊರು ಬಿಟ್ಟ ಸ್ವಲ್ಪ ಹೊತ್ತಿಗೇ ಒಂದು ಹೊಳೆಯನ್ನು ದಾಟುತ್ತಾರೆ. ಆ ವೇಳೆಗೆ ಕಾರಿನಲ್ಲಿ ಮಕ್ಕಳು ಚಕ್ಕುಲಿಯ ಡಬ್ಬಿಯನ್ನು ಬಿಚ್ಚಿರುತ್ತಾರೆ. ಹಿರಿಯರು ಬಂಡೀಪುರದಲ್ಲಿ ಆನೆ ಕಂಡೀತೇ ಇಲ್ಲವೇ ಎಂಬ ಚರ್ಚೆಯಲ್ಲಿ ಮುಳುಗಿರುತ್ತಾರೆ. ದೂರದಲ್ಲಿ ಒಂದು ಗೋಪುರ ಕಾಣಿಸುತ್ತದೆ. ಯಾರೋ ಒಬ್ಬರು ಕುಳಿತಲ್ಲಿಂದಲೇ ಕೈ ಮುಗಿಯುತ್ತಾರೆ. ಗೋಪುರ ಹಿಂದೆ ಸರಿಯುತ್ತದೆ, ಚಕ್ಕುಲಿ ಮುಂದುವರಿಯುತ್ತದೆ. ನಂಜನಗೂಡಿಗೂ ಪ್ರವಾಸಿಗರಿಗೂ ಇರುವ ಸಂಬಂಧ ಬಹುಮಟ್ಟಿಗೆ ಇಷ್ಟೆ.

ಇಳಿಯುವವರು ಇಲ್ಲವೆಂದಲ್ಲ. ಸೋಮವಾರ, ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಬಸ್ಸುಗಳೂ ರೈಲುಗಳೂ ಜನವನ್ನು ತಂದು ಸುರಿಯುತ್ತವೆ. ಅವರು ಹೊಳೆಯಲ್ಲಿ ಮುಳುಗು ಹಾಕಿ, ಸಾಲಿನಲ್ಲಿ ನಿಂತು, ದರ್ಶನ ಪಡೆದು, ದಾಸೋಹದ ಊಟ ಮುಗಿಸಿ, ಮತ್ತೆ ಬಸ್ಸು ಹತ್ತುತ್ತಾರೆ. ದೇವರನ್ನು ನೋಡಲು ಬರುವವರು ಸಾವಿರಾರು. ಊರನ್ನು ನೋಡಲು ಬಂದವರನ್ನು ಮಾತ್ರ ನಾನು ಕಂಡದ್ದು ಅಪರೂಪ. ಮೈಸೂರಿಗೆ ಸುಮಾರು 25 ಕಿಲೋಮೀಟರ್ ಹತ್ತಿರವಿರುವುದೇ ಈ ಊರಿನ ದೌರ್ಭಾಗ್ಯವಿರಬೇಕು. ಹತ್ತಿರದ ಊರನ್ನು ನಾಳೆ ನೋಡಿದರಾಯಿತು ಎಂದು ನಾವು ದೂರದ ಊರುಗಳನ್ನೆಲ್ಲ ನೋಡಿ ಮುಗಿಸುತ್ತೇವೆ.

ಮೊದಲು ಹೊಳೆಯ ಮಾತು. ಭೂಪಟದಲ್ಲಿ ಅದರ ಹೆಸರು ಕಬಿನಿ. ದಡದ ಮೇಲಿರುವವರ ಬಾಯಲ್ಲಿ ಕಪಿಲೆ. ಕೇರಳದ ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯ ಕಾಡುಗಳ ಮೂಲಕ ಹರಿದು, ನಂಜನಗೂಡನ್ನು ಬಳಸಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಗುಂಡ್ಲುಪೇಟೆಯ ಕಡೆಯಿಂದ ಬರುವ ಗುಂಡ್ಲು ಹೊಳೆ ಇಲ್ಲಿಯೇ ಕಪಿಲೆಯನ್ನು ಕೂಡುತ್ತದೆ. ಪುರಾಣದವರು ಅದಕ್ಕೆ ಕೌಂಡಿನ್ಯಾ ಎಂದು ಹೆಸರಿಟ್ಟಿದ್ದಾರೆ. ಸಂಗಮದ ಬಳಿ ಪರಶುರಾಮನ ಗುಡಿಯಿದೆ. ತಾಯಿಯ ತಲೆಯನ್ನು ಕಡಿದ ಪಾಪಕ್ಕೆ ಆತ ಇಲ್ಲಿ ತಪಸ್ಸು ಮಾಡಿ ಸಮಾಧಾನ ಪಡೆದನೆಂದು ಸ್ಥಳಪುರಾಣ ಹೇಳುತ್ತದೆ. ಯಾವ ಕ್ಷೇತ್ರದ ಪುರಾಣವನ್ನು ತೆಗೆದರೂ ಯಾರೋ ಒಬ್ಬರು ಏನೋ ಒಂದು ಭಾರವನ್ನು ಇಳಿಸಲು ಬಂದಿರುತ್ತಾರೆ. ಈ ಊರಿಗೆ ಬಂದವರ ಭಾರಗಳು ಮಾತ್ರ ಸ್ವಲ್ಪ ಹೆಚ್ಚಿನ ತೂಕದವು.

ಊರಿನ ಹೆಸರಿನಲ್ಲಿಯೇ ನಂಜಿದೆ. ಸಮುದ್ರಮಥನದಲ್ಲಿ ಹುಟ್ಟಿದ ಹಾಲಾಹಲವನ್ನು ಕುಡಿದು ಕೊರಳಲ್ಲಿ ನಿಲ್ಲಿಸಿಕೊಂಡ ಶಿವನನ್ನು ಸಂಸ್ಕೃತದವರು ಶ್ರೀಕಂಠನೆಂದರು, ನೀಲಕಂಠನೆಂದರು. ಅವರ ಕಣ್ಣು ಕೊರಳಿನ ಮೇಲೆ. ಕನ್ನಡಿಗರು ಅವನನ್ನು ನಂಜುಂಡ ಎಂದರು, ನಂಜನ್ನು ಉಂಡವನು. ಉಣ್ಣುವುದೆಂಬುದು ಮನೆಯ ಮಾತು, ಎಲೆಯ ಮುಂದೆ ಕುಳಿತ ಮಾತು. ವಿಷವನ್ನು ಅನ್ನದಂತೆ ಉಂಡು ಸುಮ್ಮನೆ ಕುಳಿತವನ ಬಳಿ ನಮ್ಮ ಕಷ್ಟಗಳನ್ನು ಹೇಳಿಕೊಳ್ಳಲು ಸಂಕೋಚವೇನು? ಹಳೆಯ ಮೈಸೂರು ಸೀಮೆಯ ಯಾವ ಶಾಲೆಯ ಹಳೆಯ ಹಾಜರಿ ಪುಸ್ತಕವನ್ನು ತೆಗೆದು ನೋಡಿದರೂ ನಂಜಪ್ಪ, ನಂಜಮ್ಮ, ನಂಜುಂಡಯ್ಯ, ನಂಜೇಗೌಡ, ನಂಜುಂಡಸ್ವಾಮಿ ಎಂದು ಸಾಲು ಸಾಲಾಗಿ ಹೆಸರುಗಳು. ಅವುಗಳಲ್ಲಿ ಎಷ್ಟೋ ಹೆಸರುಗಳ ಹಿಂದೆ ಒಂದು ಕಾಯಿಲೆಯ ರಾತ್ರಿಯೂ ಒಬ್ಬ ತಾಯಿಯ ಹರಕೆಯೂ ಇದ್ದೀತು.

ದೇವಾಲಯ ದೊಡ್ಡದು. ಉದ್ದ 385 ಅಡಿ, ಅಗಲ 160 ಅಡಿ. ಒಳಗೆ 147 ಕಂಬಗಳು. ಒಳಗಿನ ಗರ್ಭಗುಡಿ ಬಹಳ ಹಳೆಯದು. ಅದರ ಸುತ್ತ ಒಂದೊಂದು ಕಾಲದವರು ಒಂದೊಂದು ಸುತ್ತು ಕಟ್ಟುತ್ತ ಹೋಗಿದ್ದಾರೆ. ಹೊರಗೆ ಕಾಣುವ, ಸುಮಾರು 120 ಅಡಿ ಎತ್ತರದ ಮಹಾದ್ವಾರದ ಗೋಪುರವನ್ನು ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು, 1845ರಲ್ಲಿ. ಬೇಲೂರು ಹಳೇಬೀಡುಗಳ ಶಿಲ್ಪವನ್ನು ಇಲ್ಲಿ ಹುಡುಕಬಾರದು. ಇಲ್ಲಿನ ಅಂದವೇ ಬೇರೆ. ಗೋಡೆಯ ಮೇಲ್ಸಾಲಿನಲ್ಲಿ ಗಾರೆಯಲ್ಲಿ ಮಾಡಿದ ಶಿವಲೀಲೆಯ ಬೊಂಬೆಗಳಿವೆ. ಹಳ್ಳಿಯ ಕುಂಬಾರ ದೀಪಾವಳಿಗೆ ಮಾಡಿದಂತೆ ದುಂಡು ಮುಖ, ದೊಡ್ಡ ಕಣ್ಣು. ಒಳಗೆ ಅರವತ್ತಮೂವರು ಪುರಾತನರು ಸಾಲಾಗಿ ನಿಂತಿದ್ದಾರೆ. ರಾಜನೂ ಇದ್ದಾನೆ, ಬೇಡನೂ ಇದ್ದಾನೆ, ಕುಂಬಾರನೂ ಇದ್ದಾನೆ, ಅಗಸನೂ ಇದ್ದಾನೆ. ಆ ಸಾಲಿನ ಮುಂದೆ ನಿಧಾನವಾಗಿ ನಡೆದು ಹೋಗಿ. ನಮ್ಮ ಬಸ್ಸಿನಲ್ಲಿ ಬಂದವರನ್ನೇ ಕಲ್ಲಿನಲ್ಲಿ ಕಂಡಂತಾಗುತ್ತದೆ. ಮುಮ್ಮಡಿಯವರೂ ರಾಣಿಯರೊಡನೆ ವಿಗ್ರಹಗಳಾಗಿ ಕೈ ಮುಗಿದು ನಿಂತಿದ್ದಾರೆ. ಅರಮನೆಯಲ್ಲಿ ದರ್ಶನ ಕೊಡುತ್ತಿದ್ದವರು ಇಲ್ಲಿ ದರ್ಶನಕ್ಕೆ ಕಾದು ನಿಂತವರ ಸಾಲಿನಲ್ಲಿಯೇ ಸೇರಿಹೋಗಿದ್ದಾರೆ.

ಈ ಗುಡಿಯ ಚರಿತ್ರೆಯಲ್ಲಿ ನನಗೆ ಹೆಚ್ಚು ಪ್ರಿಯನಾದವನು ಕರಾಚೂರಿ ನಂಜರಾಜ. ನಂಜನಗೂಡಿಗೆ ಸಮೀಪದ ಕಳಲೆಯಲ್ಲಿ ದಳವಾಯಿಗಳ ಮನೆತನವಿತ್ತು. ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಸಿಂಹಾಸನದ ಮೇಲೆ ಒಡೆಯರು ಕುಳಿತಿದ್ದರೂ ರಾಜ್ಯಭಾರ ನಡೆಸುತ್ತಿದ್ದವರು ಈ ಮನೆಯವರು. ನಂಜರಾಜ ಸರ್ವಾಧಿಕಾರಿಯಾಗಿದ್ದ. ಯುದ್ಧ, ಸಂಧಿ, ಖಜಾನೆ ಇವುಗಳ ನಡುವೆಯೂ ಕನ್ನಡದಲ್ಲಿ ಶಿವಪರವಾದ ಗ್ರಂಥಗಳನ್ನು ಬರೆದ. ಅವನನ್ನೇ ನಾಯಕನನ್ನಾಗಿ ಮಾಡಿ ನರಸಿಂಹಕವಿ ಸಂಸ್ಕೃತದಲ್ಲಿ ‘ನಂಜರಾಜಯಶೋಭೂಷಣ’ ಎಂಬ ಅಲಂಕಾರ ಗ್ರಂಥವನ್ನೇ ರಚಿಸಿದ. ಹೈದರನ ಸೂರ್ಯ ಮೇಲೇರಿದಂತೆ ನಂಜರಾಜನ ಅಧಿಕಾರ ಅಸ್ತವಾಯಿತು. ಅಧಿಕಾರದಿಂದ ಗಳಿಸಿದ್ದು ಯಾವುದೂ ಉಳಿಯಲಿಲ್ಲ. ನಂಜುಂಡನ ಗುಡಿಯಲ್ಲಿ ಭಕ್ತವಿಗ್ರಹವಾಗಿ ನಿಂತ ನಂಜರಾಜ ಇನ್ನೂ ನಿಂತೇ ಇದ್ದಾನೆ.

ಹೈದರನ ಮಗನೂ ಈ ಗುಡಿಯಿಂದ ದೂರ ಉಳಿಯಲಿಲ್ಲ. ಟಿಪ್ಪುವಿನ ಪಟ್ಟದ ಆನೆಗೆ ಕಣ್ಣು ಕೆಟ್ಟಿತ್ತಂತೆ. ವೈದ್ಯರು ಕೈ ಚೆಲ್ಲಿದಾಗ ನಂಜುಂಡನಿಗೆ ಹರಕೆ ಹೊತ್ತರಂತೆ. ಆನೆಗೆ ಕಣ್ಣು ಬಂತಂತೆ. ಸಂತೋಷಗೊಂಡ ಸುಲ್ತಾನ ಪಚ್ಚೆಯ ಲಿಂಗವೊಂದನ್ನು ಒಪ್ಪಿಸಿ, ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದು ಪ್ರತೀತಿ. ಆನೆಯ ಕತೆಯನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆ ಮರಕತಲಿಂಗ ಮಾತ್ರ ಗುಡಿಯಲ್ಲಿದೆ. ಜನ ಅದನ್ನು ಪಾದುಷಾ ಲಿಂಗವೆಂದು ಕರೆಯುತ್ತಾರೆ. ಹಕೀಂ ಎಂದರೆ ವೈದ್ಯ. ಹಿಂದೂ ದೇವರಿಗೆ ಮುಸಲ್ಮಾನ ದೊರೆ ಕೊಟ್ಟ ಬಿರುದನ್ನು ನಮ್ಮ ಅಜ್ಜಿಯರು ಯಾವ ಅಳುಕೂ ಇಲ್ಲದೆ ಹೇಳಿಕೊಂಡು ಬಂದರು. ಒಳ್ಳೆಯ ವೈದ್ಯ ಸಿಕ್ಕಿದಾಗ ಅವನ ಹೆಸರನ್ನು ಯಾರು ಸೂಚಿಸಿದರೆಂದು ರೋಗಿ ಕೇಳುವುದಿಲ್ಲ.

ವೈದ್ಯದ ಗಾಳಿ ಈ ಊರಿನಲ್ಲಿಯೇ ಇದೆಯೋ ಏನೋ. ನಮ್ಮ ತಲೆಮಾರಿನವರ ಬೆಳಗುಗಳು ಆರಂಭವಾಗುತ್ತಿದ್ದುದೇ ನಂಜನಗೂಡಿನ ಹೆಸರಿನಿಂದ. ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಆಗ ಮನೆಮನೆಯಲ್ಲಿತ್ತು. ಗುಲಾಬಿ ಬಣ್ಣದ ಆ ಪುಡಿಯನ್ನು ಅಂಗೈಗೆ ಸುರಿದುಕೊಂಡು, ತೋರುಬೆರಳಿನಿಂದ ಹಲ್ಲುಜ್ಜುತ್ತ ಹಿತ್ತಲಲ್ಲಿ ನಿಲ್ಲುತ್ತಿದ್ದೆವು. ಸಿಹಿಯಾಗಿದೆಯೆಂದು ಮಕ್ಕಳು ಉಗುಳುವುದಕ್ಕಿಂತ ನುಂಗುತ್ತಿದ್ದುದೇ ಹೆಚ್ಚು. ಈಗ ಬಣ್ಣಬಣ್ಣದ ಟ್ಯೂಬುಗಳ ಕಾಲ. ಆದರೂ ಹಳೆಯ ಪೊಟ್ಟಣವನ್ನು ನೆನೆದರೆ ನನಗೆ ಹಿತ್ತಲ ಬಾವಿಯ ರಾಟೆಯ ಸದ್ದು ಕೇಳಿಸುತ್ತದೆ.

ಹಲ್ಲುಪುಡಿಗಿಂತಲೂ ಹೆಸರಾದದ್ದು ರಸಬಾಳೆ. ತೆಳುವಾದ ಸಿಪ್ಪೆ, ಮಾಗಿದಾಗ ಕೋಣೆಯನ್ನೆಲ್ಲ ತುಂಬುವ ಪರಿಮಳ, ಜೇನಿನ ಸಿಹಿಯ ಜೊತೆಗೆ ಎಲ್ಲಿಯೋ ಒಂದು ಸಣ್ಣ ಹುಳಿ. ದೇವರಸನಹಳ್ಳಿ ಮತ್ತು ಸುತ್ತಮುತ್ತಲಿನ ಮಣ್ಣಿನಲ್ಲಿ ಬೆಳೆದದ್ದಕ್ಕೇ ಆ ರುಚಿ ಎಂದು ತಿಳಿದವರು ಹೇಳುತ್ತಾರೆ. ಈ ಹಣ್ಣಿಗೆ ಒಂದು ಶತ್ರು ಹುಟ್ಟಿಕೊಂಡಿತು. ಪನಾಮ ಸೊರಗು ರೋಗವೆಂದು ಅದರ ಹೆಸರು. ಮಣ್ಣಿನಲ್ಲಿರುವ ಒಂದು ಬೂಷ್ಟು ಬೇರಿನ ಮೂಲಕ ಒಳಹೊಕ್ಕು ನೀರು ಏರುವ ನಾಳಗಳನ್ನು ಕಟ್ಟಿಹಾಕುತ್ತದೆ. ಎಲೆ ಹಳದಿಯಾಗಿ ಜೋತುಬೀಳುತ್ತದೆ, ಕಾಂಡ ಸೀಳುತ್ತದೆ, ಗಿಡ ನಿಂತಲ್ಲೇ ಸೊರಗುತ್ತದೆ. ಗಿಡವನ್ನು ಕಿತ್ತೆಸೆದರೂ ಬೂಷ್ಟು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ರೋಗ ಹತ್ತಿದ ಗಿಡದ ಬುಡದ ಕಂದನ್ನು ತಂದು ಹೊಸ ಹೊಲದಲ್ಲಿ ನೆಟ್ಟರೆ ರೋಗವನ್ನೂ ಜೊತೆಯಲ್ಲಿಯೇ ತಂದು ನೆಟ್ಟಂತೆ. ಹೀಗೆ ರೈತರು ಒಬ್ಬೊಬ್ಬರಾಗಿ ರಸಬಾಳೆಯನ್ನು ಬಿಟ್ಟರು. ಅಂಗಾಂಶ ಕೃಷಿಯ ರೋಗವಿಲ್ಲದ ಸಸಿಗಳನ್ನು ಕೊಟ್ಟು ತೋಟಗಾರಿಕೆಯವರು ಅದನ್ನು ಮತ್ತೆ ನಿಲ್ಲಿಸಲು ಯತ್ನಿಸುತ್ತಿದ್ದಾರೆ. ‘ನಂಜನಗೂಡು ರಸಬಾಳೆ’ ಎಂಬ ಹೆಸರಿಗೆ ಭೌಗೋಳಿಕ ಸೂಚಿಯ ಕಾಯಿದೆಯ ರಕ್ಷಣೆಯೂ ಸಿಕ್ಕಿದೆ. ಹೆಸರನ್ನು ಕಾಯಿದೆ ಕಾಯುತ್ತದೆ. ಗಿಡವನ್ನು ಕಾಯಬೇಕಾದವನು ರೈತನೇ.

ಈ ಹಣ್ಣಿನ ವಿಷಯದಲ್ಲಿ ನಮ್ಮ ಮನೆಗೂ ನಂಜುಂಡನಿಗೂ ಒಂದು ಹಳೆಯ ಲೆಕ್ಕವಿತ್ತು. ನನಗೆ ಮೂರು ವರ್ಷವಾಗಿದ್ದಾಗ ಮೈತುಂಬ ಹುಣ್ಣೆದ್ದು, ಜ್ವರ ಬಿಡದೆ, ಮಗು ಉಳಿಯುವುದೇ ಕಷ್ಟವೆಂದು ಎಲ್ಲರೂ ಅಂದುಕೊಂಡಿದ್ದರಂತೆ. ಅಮ್ಮ ಹರಕೆ ಹೊತ್ತಳು: ವಾಸಿಯಾದರೆ ಮಗುವಿನ ತೂಕದ ರಸಬಾಳೆಹಣ್ಣು ತೂಗಿಸಿ ಒಪ್ಪಿಸುತ್ತೇನೆ. ವಾಸಿಯಾಯಿತು. ಡಾಕ್ಟರು ಅದು ತಮ್ಮ ಸೂಜಿಯಿಂದ ಎಂದರು. ಅಮ್ಮ ವಾದಕ್ಕೆ ಹೋಗಲಿಲ್ಲ. ಆದರೆ ಆ ವರ್ಷ ಅಪ್ಪನಿಗೆ ದೂರದ ಊರಿಗೆ ವರ್ಗವಾಯಿತು. ಮುಂದಿನ ವರ್ಷ ಕೈಯಲ್ಲಿ ಕಾಸಿರಲಿಲ್ಲ. ಆಮೇಲೆ ಮಕ್ಕಳ ಓದು, ಅಕ್ಕನ ಮದುವೆ, ಅಪ್ಪನ ಕಾಯಿಲೆ. ಹರಕೆ ಮುಂದಕ್ಕೆ ಹೋಗುತ್ತಲೇ ಇತ್ತು. ನನ್ನ ತೂಕ ಮೇಲಕ್ಕೆ ಹೋಗುತ್ತಲೇ ಇತ್ತು. ಕೊನೆಯ ದಿನಗಳಲ್ಲಿ ಅಮ್ಮ ಅಕ್ಕನ ಕೈ ಹಿಡಿದು, “ಎಲ್ಲ ಮುಗಿಸಿದೆ. ಇವನ ತೂಕ ಒಂದು ಉಳಿದುಹೋಯಿತು” ಎಂದಳಂತೆ.

ಹರಕೆಗಳಲ್ಲಿ ನನಗೆ ಅಂಥ ನಂಬಿಕೆಯಿಲ್ಲ. ಆದರೆ ಸಾಲದಲ್ಲಿ ನಂಬಿಕೆಯಿದೆ. ಅಕ್ಕನ ಮುಂದೆ ಈ ಸೂಕ್ಷ್ಮವನ್ನೆಲ್ಲ ವಿವರಿಸಲು ಹೊರಟೆ. “ನಂಬೋದು ಬಿಡೋದು ನಿನ್ನಿಷ್ಟ ಕಣೋ. ಮಾತು ಕೊಟ್ಟವಳು ಅಮ್ಮ. ಏಳು, ಬಸ್ಸಿಗೆ ಹೊತ್ತಾಯಿತು” ಎಂದು ಅವಳು ಚರ್ಚೆಯನ್ನು ಮುಗಿಸಿದಳು. ಮೂರು ವರ್ಷದ ಮಗುವಿಗೆ ಹನ್ನೆರಡು ಕಿಲೋ ಹಣ್ಣು ಸಾಕಾಗುತ್ತಿತ್ತು. ಈಗ ಬಡ್ಡಿ ಬೆಳೆದು ಎಪ್ಪತ್ತೆರಡಾಗಿತ್ತು.

ಗುಡಿಯ ಮುಂದಿನ ಬೀದಿಯಲ್ಲಿ ಹಣ್ಣು ಮಾರುತ್ತಿದ್ದ ಒಬ್ಬ ಮುದುಕಿಯ ಬಳಿ ಕೇಳಿದೆವು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕಳು. “ನಿಮ್ಮ ತೂಕದ ರಸಬಾಳೆಯಾ ಸ್ವಾಮಿ? ಎರಡು ಚಿಪ್ಪು ಸಿಕ್ಕಿದರೆ ನಿಮ್ಮ ಪುಣ್ಯ. ಏಲಕ್ಕಿ ಬಾಳೆ ಬೇಕಾದರೆ ಗೊನೆಗಟ್ಟಲೆ ಕೊಡುತೀನಿ. ರಸಬಾಳೆ ಅಂತ ಸುಳ್ಳು ಹೇಳಿ ಕೊಡಲಾರೆ, ದೇವರ ಮುಂದಿನ ಅಂಗಡಿ” ಎಂದಳು. ನಾಲ್ಕಾರು ಕಡೆ ತಿರುಗಿ ಸಿಕ್ಕಿದ್ದು ನಿಜಕ್ಕೂ ಎರಡೇ ಚಿಪ್ಪು. ಅಕ್ಕನ ಮುಖ ಬಾಡಿತು. ಅಮ್ಮ ಹೇಳಿದ್ದು ರಸಬಾಳೆ. ಬೇರೆಯದನ್ನು ಇಟ್ಟರೆ ಹರಕೆ ಸಲ್ಲುತ್ತದೆಯೇ? ತುಲಾಭಾರದ ಬಳಿಯಿದ್ದ ವೃದ್ಧ ಅರ್ಚಕರನ್ನು ಕೇಳಿದಳು. ಅವರು ಹೆಚ್ಚು ಯೋಚಿಸಲಿಲ್ಲ. “ಬೆಲ್ಲ ಇಡಿ ತಾಯಿ, ಮೇಲೆ ಆ ಎರಡು ಚಿಪ್ಪು ಇಡಿ. ವಿಷವನ್ನೇ ಬೇಡ ಎನ್ನದವನು ಬೆಲ್ಲವನ್ನು ಬೇಡ ಎನ್ನುತ್ತಾನೆಯೇ?” ಎಂದರು.

ಎಪ್ಪತ್ತೆರಡು ಕಿಲೋ ಬೆಲ್ಲ, ಎರಡು ಚಿಪ್ಪು ಹಣ್ಣು ಇಟ್ಟಮೇಲೂ ತಕ್ಕಡಿ ನನ್ನ ಕಡೆಗೇ ವಾಲಿತ್ತು. ಬೆಳಗಿನ ಇಡ್ಲಿಯ ಲೆಕ್ಕವನ್ನು ನಾವು ಹಿಡಿದಿರಲಿಲ್ಲವೆಂದು ಕಾಣುತ್ತದೆ. ಇನ್ನೊಂದು ಅಚ್ಚು ಬೆಲ್ಲ ಇಟ್ಟಾಗ ಎರಡೂ ತಟ್ಟೆಗಳು ಸಮವಾಗಿ ನಿಂತವು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, “ಅಂತೂ ಇಳಿಯಿತು” ಎಂದಳು. ಇಳಿದದ್ದು ತಟ್ಟೆಯೋ ಅಮ್ಮನ ಭಾರವೋ, ನಾನು ಕೇಳಲಿಲ್ಲ. ಅಷ್ಟು ಎತ್ತರದ ತಟ್ಟೆಯಲ್ಲಿ ಕಾಲು ಮಡಿಸಿ ಕುಳಿತ ಅರವತ್ತು ದಾಟಿದವನಿಗೆ ಗಂಟಲು ಕಟ್ಟುವುದು ಶೋಭಿಸುವುದಿಲ್ಲವೆಂದು ಗೋಪುರದ ಕಡೆಗೆ ನೋಡುತ್ತಿದ್ದೆ.

ರೋಗ ಕಳೆಯುವ ಊರೆಂದು ಹೆಸರಾದ ನಂಜನಗೂಡಿಗೆ ರೋಗದ ಊರೆಂಬ ಹೆಸರು ಬಂದ ಕಾಲವೂ ಒಂದಿತ್ತು. ಊರಿನ ಹೊರಗೆ ಕೈಗಾರಿಕಾ ಪ್ರದೇಶ ಬೆಳೆದು ಅನೇಕ ವರ್ಷಗಳಾದವು. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೋನಾ ಸೋಂಕು ಕಾಣಿಸಿಕೊಂಡು, ಅವರಿಂದ ಮನೆಯವರಿಗೂ ಹಬ್ಬಿತು. ದಿನದಿನದ ವಾರ್ತೆಯಲ್ಲಿ ನಂಜನಗೂಡು, ನಂಜನಗೂಡು ಎಂದು ಕೇಳಿ ಕೇಳಿ, ಆ ಊರಿನವರೆಂದರೆ ಜನ ಹಿಂದೆ ಸರಿಯುವಂತಾಯಿತು. ಗುಡಿಯ ಬಾಗಿಲು ಭಕ್ತರಿಗೆ ಮುಚ್ಚಿತು. ಆ ವರ್ಷದ ದೊಡ್ಡ ಜಾತ್ರೆ ನಡೆಯಲಿಲ್ಲ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ, ಈ ಐವರ ಐದು ತೇರುಗಳು ಒಂದರ ಹಿಂದೊಂದು ಹೊರಡುವ ಬೀದಿಯಲ್ಲಿ ಪೋಲೀಸರ ಸೀಟಿಯ ಹೊರತು ಸದ್ದಿರಲಿಲ್ಲ. ಮನೆಯಲ್ಲಿ ಕೂತು ಪತ್ರಿಕೆ ಓದುತ್ತಿದ್ದ ನನಗೆ ನಂಜುಂಡ ಎಂಬ ಹೆಸರಿನ ಅರ್ಥ ಆಗ ಚೆನ್ನಾಗಿ ತಿಳಿಯಿತು. ನಾಡಿಗೆ ಔಷಧ ಮಾಡಿಕೊಡುವ ಊರು ನಾಡಿನ ನಂಜನ್ನು ತಾನು ಉಂಡು, ಮೇಲೆ ಬೈಗುಳವನ್ನೂ ಉಂಡಿತ್ತು. ಈಗ ತೇರುಗಳು ಮತ್ತೆ ಹೊರಡುತ್ತವೆ. ಎಲ್ಲಕ್ಕಿಂತ ದೊಡ್ಡದಾದ ಗೌತಮ ರಥದ ಮಿಣಿಗೆ ಸಾವಿರಾರು ಕೈಗಳು ಬೀಳುತ್ತವೆ. ಯಾರ ಕೈ ಯಾರ ಕೈಗೆ ತಗುಲಿತೆಂದು ಯಾರೂ ನೋಡುವುದಿಲ್ಲ.

ನಂಜನಗೂಡಿಗೆ ಹೋದವರು ತಪ್ಪದೆ ನೋಡಬೇಕಾದದ್ದು ಹಳೆಯ ಸೇತುವೆ. ಅದಕ್ಕೆ ಟಿಕೀಟಿಲ್ಲ, ಸಾಲಿಲ್ಲ. ಬಹುಶಃ ಅದಕ್ಕೇ ನೋಡುವವರೂ ಇಲ್ಲ. ಕಳಲೆಯ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ್ದು. ಸುಮಾರು 225 ಮೀಟರ್ ಉದ್ದ. ಕಲ್ಲಿನ ಕಮಾನುಗಳ ಸಾಲು. ಎತ್ತಿನ ಗಾಡಿ, ಕುದುರೆ, ಪಲ್ಲಕ್ಕಿಗಳಿಗೆಂದು ಕಟ್ಟಿದ ಸೇತುವೆ ಅದು. ಹೊಗೆಬಂಡಿ ಎಂಬುದೊಂದು ಲೋಕದಲ್ಲಿ ಬಂದೀತೆಂದು ಆಗ ಯಾರೂ ಕನಸು ಕಂಡಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರಿನಿಂದ ರೈಲು ಬಂದಾಗ ಆ ಕಮಾನುಗಳ ಮೇಲೆಯೇ ಹಳಿ ಹಾಕಿದರು. ಒಂದೇ ಸೇತುವೆಯ ಮೇಲೆ ರಸ್ತೆಯೂ ಇತ್ತು, ರೈಲೂ ಇತ್ತು. ಮೀಟರ್ ಗೇಜ್ ಗಾಡಿ ಕೂಗುತ್ತ ಬಂದರೆ ಪಕ್ಕದಲ್ಲಿ ನಡೆಯುವವರು ಅಂಗವಸ್ತ್ರವನ್ನು ಹತ್ತಿರಕ್ಕೆಳೆದುಕೊಂಡು ನಿಲ್ಲುತ್ತಿದ್ದರು. ದೊಡ್ಡ ಹಳಿಯ ಕೆಲಸಕ್ಕಾಗಿ 2007ರಲ್ಲಿ ಅದರ ಮೇಲಿನ ರೈಲು ನಿಂತಿತು. ಅಂದರೆ 272 ವರ್ಷ ಅದು ಕೆಲಸಕ್ಕೆ ಒಂದು ದಿನವೂ ತಪ್ಪಿಸಿಕೊಳ್ಳದ ನೌಕರನಂತೆ ದುಡಿಯಿತು. ಈಗ ಪಕ್ಕದಲ್ಲಿ ಹೊಸ ಸೇತುವೆಯ ಮೇಲೆ ರೈಲು ಹೋಗುತ್ತದೆ. ನಿವೃತ್ತನಾದ ಹಳಬ ಕಲ್ಲಿನ ಸಂದಿಗಳಲ್ಲಿ ಗಿಡ ಬೆಳೆಸಿಕೊಂಡು ಹೊಳೆಯಲ್ಲಿ ಕಾಲಿಟ್ಟು ನಿಂತಿದ್ದಾನೆ.

ಅರಮನೆಗೆ ದೀಪ ಹಾಕುವ ನಾವು ಸೇತುವೆಯನ್ನು ಮರೆಯುವುದು ಸಹಜವೇ. ಅರಮನೆಯಲ್ಲಿ ದೊರೆಗಳು ಬಾಳಿದರು. ಸೇತುವೆಯ ಮೇಲೆ ಎಲ್ಲರೂ ನಡೆದರು. ಎಲ್ಲರದ್ದಾದದ್ದನ್ನು ಕಾಯುವವರು ಯಾರೂ ಇರುವುದಿಲ್ಲ. ಗಿಡದ ಬೇರನ್ನು ಕಿತ್ತು, ಗಾರೆ ಮೆತ್ತಿ, ಸಂಜೆಯ ಹೊತ್ತು ಜನ ನಡೆದಾಡಲು ಬಿಟ್ಟರೆ ನಂಜನಗೂಡಿಗೆ ಇದಕ್ಕಿಂತ ದೊಡ್ಡ ಆಕರ್ಷಣೆ ಬೇರೆ ಬೇಡ. ಬೇರು ಒಂದು ಕಮಾನನ್ನು ಸೀಳಿದ ಮೇಲೆ ಸಮಿತಿ ಕೂಡಿಸಿ ಫಲವಿಲ್ಲ.

ಒಂದು ಇಡೀ ದಿನವನ್ನು ಇಟ್ಟುಕೊಂಡು ಹೋಗುವವರಿಗೆ ಸುತ್ತಮುತ್ತಲೂ ನೋಡುವುದಿದೆ. ರಾಘವೇಂದ್ರಸ್ವಾಮಿಗಳ ಮಠ ಊರಿನಲ್ಲಿಯೇ ಇದೆ. ಹಿಂದೆ ಆ ಪರಂಪರೆಗೆ ನಂಜನಗೂಡು ಮಠವೆಂದೇ ಹೆಸರಿತ್ತು. ಕಪಿಲೆಯ ದಡದಲ್ಲಿಯೇ ಸುತ್ತೂರಿನ ಮಠವಿದೆ. ಕಳಲೆಯಲ್ಲಿ ದಳವಾಯಿಗಳ ಕಾಲವನ್ನು ನೆನಪಿಸುವ ಲಕ್ಷ್ಮೀಕಾಂತನ ಗುಡಿಯಿದೆ. ಚಾಮರಾಜನಗರದ ರೈಲು ದಾರಿಯಲ್ಲಿ ಬದನವಾಳು ಸಿಗುತ್ತದೆ. ಗಾಂಧೀಜಿಯ ಕಾಲದಲ್ಲಿ ಅಲ್ಲಿ ನೂಲುವ ಚರಕಗಳು ಸದ್ದು ಮಾಡುತ್ತಿದ್ದವು. ಆ ಹಳೆಯ ಹೆಂಚಿನ ಕಟ್ಟಡಗಳ ನಡುವೆ 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈಯ ಕೆಲಸ ಉಳಿಯಬೇಕೆಂದು ಸತ್ಯಾಗ್ರಹ ನಡೆಸಿದರು. ಸಣ್ಣ ಊರಿನ ಸುತ್ತಳತೆಯಲ್ಲಿ ಎಷ್ಟೆಲ್ಲ ಅಡಗಿದೆ ನೋಡಿ.

ಹೋಗುವುದಾದರೆ ಮಳೆ ಕಳೆದ ಮೇಲೆ ಹೋಗುವುದು ಲೇಸು. ಬೀಚನಹಳ್ಳಿಯ ಬಳಿ 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದಾಗಿನಿಂದ ಹೊಳೆ ಬಹುಕಾಲ ಹೇಳಿದಂತೆ ಕೇಳುತ್ತದೆ. ಆದರೆ ವಯನಾಡಿನಲ್ಲಿ ಮಳೆ ಹುಚ್ಚೆದ್ದರೆ ಅಣೆಕಟ್ಟೂ ಬಾಗಿಲು ತೆರೆಯಲೇಬೇಕು. 2018ರಲ್ಲಿಯೂ 2019ರಲ್ಲಿಯೂ ಹೀಗೆಯೇ ಆಯಿತು. ಮಲ್ಲನಮೂಲೆ ಮಠದ ಬಳಿ ಮೈಸೂರಿನ ಹೆದ್ದಾರಿ ನೀರಿನಲ್ಲಿ ಮುಳುಗಿ ಬಸ್ಸುಗಳು ನಿಂತವು. ದಡದ ಹದಿನಾರು ಕಾಲಿನ ಮಂಟಪ ಕಣ್ಮರೆಯಾಯಿತು. ತಗ್ಗಿನ ಬೀದಿಗಳ ಜನ ಪಾತ್ರೆಪಗಡ ಹೊತ್ತು ಮೇಲಿನ ಬೀದಿಗಳಿಗೆ ನಡೆದರು. ನೀರು ಇಳಿಯಿತು, ಮಂಟಪ ಮೈ ಕೊಡವಿಕೊಂಡು ಎದ್ದು ನಿಂತಿತು, ಜನ ಕೆಸರನ್ನು ಗುಡಿಸಿ ಒಲೆ ಹಚ್ಚಿದರು. ಹೊಳೆಯ ದಡದಲ್ಲಿ ಬಾಳುವವರಿಗೆ ಇದು ಗೊತ್ತಿದ್ದ ವ್ಯವಹಾರ. ಕೊಡುವುದೂ ಅದೇ ಹೊಳೆ, ಕಿತ್ತುಕೊಳ್ಳುವುದೂ ಅದೇ ಹೊಳೆ.

ಕಾರ್ತೀಕ ಮಾಸದ ಒಂದು ಸಂಜೆ ಸ್ನಾನಘಟ್ಟದ ಮೆಟ್ಟಿಲಿನ ಮೇಲೆ ಕುಳಿತು ನೋಡಿ. ಯಾರೋ ಹೆಂಗಸು ಎಲೆಯ ದೊನ್ನೆಯಲ್ಲಿ ದೀಪ ಹಚ್ಚಿ ನೀರಿಗೆ ಬಿಡುತ್ತಾಳೆ. ಅದು ತಡವರಿಸಿ, ಸುಳಿಯಲ್ಲಿ ಒಂದು ಸುತ್ತು ತಿರುಗಿ, ಹರಿವನ್ನು ಹಿಡಿದು ಸಾಗುತ್ತದೆ. ಎಷ್ಟು ದೂರ ಹೋದೀತು ಎಂದು ಕೇಳಿದರೆ ಅವಳು, “ಕಾಣೋವರೆಗೂ ಕಂಡರೆ ಸಾಕು ಸ್ವಾಮಿ” ಎಂದಾಳು. ಕತ್ತಲಾದ ಮೇಲೂ ಮೈಸೂರಿಗೆ ಬಸ್ಸುಗಳಿವೆ. ಅವಸರವೇನೂ ಇಲ್ಲ.